ಬಯಲ ಬಿಡಾರದಲ್ಲಿ ಅನರ್ಥದಂಡ ವಿಚಾರ

ಮೂರು ತಲೆಮಾರಿನವರು ಒಂದೇ ಸೂರಿನಡಿ ಬಾಳುತ್ತಿದ್ದ ಮನೆಗಳು ಶ್ರಾವಕ ಸಮಾಜದಲ್ಲಿ ಇಂದು ವಿರಳವಾಗಿವೆ. ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋಗಿದ್ದಾರೆ. ಕೆಲವರು ಸಮುದ್ರದಾಚೆ ನೆಲೆಸಿದ್ದಾರೆ. ಅಜ್ಜ ಅಜ್ಜಿಯರು ಊರಿನ ಮನೆಯನ್ನೂ ಬಸದಿಯ ನಿತ್ಯಪೂಜೆಯನ್ನೂ ಕಾಯುತ್ತ ಹಿಂದೆ ಉಳಿದಿದ್ದಾರೆ. ಮೊಮ್ಮಕ್ಕಳಿಗೆ ಅಜ್ಜನೆಂದರೆ ಫೋನಿನಲ್ಲಿ ಕಾಣುವ ಒಂದು ಮುಖ. ಈ ಅಂತರವನ್ನು ತುಂಬಲೆಂದು ರಜೆಯ ದಿನಗಳಲ್ಲಿ ಇಡೀ ಕುಟುಂಬ ಒಂದೆಡೆ ಸೇರಿ, ಹೊಳೆಯ ದಡದಲ್ಲೋ ಬೆಟ್ಟದ ತಪ್ಪಲಲ್ಲೋ ಡೇರೆ ಹಾಕಿ ಎರಡು ಮೂರು ದಿನ ಕಳೆಯುವ ರೂಢಿ ಕೆಲವು ಮನೆಗಳಲ್ಲಿ ಬೆಳೆದಿದೆ. ಇದು ಮೆಚ್ಚತಕ್ಕ ರೂಢಿ. ಆದರೆ ಮನೆಯ ಗೋಡೆಗಳ ನಡುವೆ ಏಳದ ಕೆಲವು ಪ್ರಶ್ನೆಗಳು ಬಯಲಿನಲ್ಲಿ ಏಳುತ್ತವೆ. ಅಡಿಗೆಮನೆಯಲ್ಲಿ ನಿರಾಯಾಸವಾಗಿ ನಡೆದುಬಂದ ವ್ರತವು ಡೇರೆಯ ಮುಂದೆ, ಮೊಮ್ಮಕ್ಕಳ ಕಣ್ಣೆದುರಿನಲ್ಲಿ, ತನ್ನ ಅರ್ಥವನ್ನು ಹೇಳಬೇಕಾಗುತ್ತದೆ.

ಬಯಲ ಬಿಡಾರವು ಜೈನ ಕುಟುಂಬಗಳಿಗೆ ಹೊಸತೇನೂ ಅಲ್ಲ. ಶ್ರವಣಬೆಳಗೊಳದಲ್ಲಿ 1981, 1993, 2006 ಮತ್ತು 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕಗಳ ಸಂದರ್ಭವನ್ನು ಕಂಡವರಿಗೆ ಇದು ಗೊತ್ತು. ಊರ ಸುತ್ತಲ ಹೊಲಗಳಲ್ಲಿ ತಾತ್ಕಾಲಿಕ ಉಪನಗರಗಳು ಎದ್ದವು. ಹಸುಗೂಸಿನಿಂದ ಮುದುಕರವರೆಗೆ ಇಡೀ ಸಂಸಾರಗಳು ಅಲ್ಲಿ ತಂಗಿದವು. ಆ ವಿಗ್ರಹದ ಕಥೆಯೇ ಒಂದು ಕುಟುಂಬದ ಪ್ರಯಾಣದಿಂದ ಮೊದಲಾಗುತ್ತದೆ. ತಾಯಿ ಕಾಳಲಾದೇವಿಯ ದರ್ಶನದ ಹಂಬಲವನ್ನು ಈಡೇರಿಸಲು ಚಾವುಂಡರಾಯನು ಹೊರಟನೆಂದೂ, ದಾರಿಯಲ್ಲಿ ಬೀಡುಬಿಟ್ಟ ಬೆಳಗೊಳದಲ್ಲೇ ಗೊಮ್ಮಟನನ್ನು ಕಂಡನೆಂದೂ ಪರಂಪರೆ ಹೇಳುತ್ತದೆ. ಮುನಿಗಳ ಬಾಳಿನಲ್ಲಂತೂ ಭೂಶಯನವು ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದು. ನೆಲದ ಮೇಲೆ ಮಲಗುವ ಮುನಿಗೂ, ಡೇರೆಯೊಳಗೆ ನೆಲದ ಮೇಲೆ ಮಲಗುವ ಮಗುವಿಗೂ ಹೊರಗಿನ ಸಾಮ್ಯ ತುಸು ಇದೆ. ಪ್ರಯೋಜನ ಮಾತ್ರ ಬೇರೆ. ಆ ಪ್ರಯೋಜನವನ್ನು ಕುರಿತೇ ಈ ವಿಚಾರ.

ದೃಷ್ಟಾಂತಕ್ಕೆ ಮಲೆನಾಡಿನ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತೀರ್ಥಹಳ್ಳಿಯ ಸೀಮೆ, ದೂರದಲ್ಲಿ ಕುಂದಾದ್ರಿಯ ನೆತ್ತಿ, ಅಡಿಕೆ ತೋಟದ ಕೆಳಗೆ ಕೊಯ್ಲು ಮುಗಿದ ಗದ್ದೆ, ಗದ್ದೆಯ ಅಂಚಿನಲ್ಲಿ ತುಂಗೆಯತ್ತ ಹರಿಯುವ ಹಳ್ಳ. ಡಿಸೆಂಬರ್ ತಿಂಗಳ ರಜೆ. ಎಪ್ಪತ್ತೈದು ದಾಟಿದ ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಸೊಸೆಯಂದಿರು, ಅಳಿಯ, ಏಳು ಮೊಮ್ಮಕ್ಕಳು. ಗದ್ದೆಯಲ್ಲಿ ಐದು ಡೇರೆಗಳು. ಅಜ್ಜ ನಲವತ್ತು ವರ್ಷಗಳಿಂದ ರಾತ್ರಿಭೋಜನ ತ್ಯಾಗಿ, ಸೋಸದ ನೀರನ್ನು ಮುಟ್ಟದವರು, ಕಂದಮೂಲಗಳನ್ನು ಬಿಟ್ಟವರು. ಊರಿನಲ್ಲಿ ಅವರ ವ್ರತನಿಷ್ಠೆಗೆ ಗೌರವವಿದೆ.

ಮೊದಲ ಸಂಜೆಯೇ ಇಕ್ಕಟ್ಟು ಎದುರಾಯಿತು. ನಗರದಿಂದ ಬಂದ ಮೊಮ್ಮಕ್ಕಳು ಚೀಲದಲ್ಲಿ ಆಲೂಗಡ್ಡೆ, ಗೆಣಸು, ಜೋಳದ ತೆನೆಗಳನ್ನು ತಂದಿದ್ದರು. ಕತ್ತಲಾದ ಮೇಲೆ ಬೆಂಕಿ ಹಾಕಿ, ಸುತ್ತ ಕುಳಿತು, ಸುಟ್ಟು ತಿನ್ನಬೇಕೆಂಬುದು ಅವರ ತಿಂಗಳುಗಳ ಕನಸು. ಅಜ್ಜ ಕೂಡದೆಂದರು. ಸೊಸೆಯಂದಿರು ಸುಮ್ಮನಾದರು. ಹಿರಿಯ ಮಗ ನೆಲ ನೋಡಿದ. ಅಳಿಯ ಮಾತ್ರ, "ಮಾವ, ವರ್ಷಕ್ಕೊಂದು ದಿನ, ಮಕ್ಕಳು ಆಸೆಪಟ್ಟಿದ್ದಾರೆ," ಎಂದ. ಅಜ್ಜ ಮರುಮಾತಾಡದೆ ತಮ್ಮ ಡೇರೆಗೆ ಹೋಗಿ ಸಾಮಾಯಿಕಕ್ಕೆ ಕುಳಿತರು. ಹೊರಗೆ ಬೆಂಕಿ ಹತ್ತಿತು.

ಇಲ್ಲಿ ಯಾರು ಸರಿ? ಅವಸರದ ಉತ್ತರಗಳು ಎರಡು. ವ್ರತವು ದೊಡ್ಡದು, ಮಕ್ಕಳು ಅದಕ್ಕೆ ತಲೆಬಾಗಬೇಕು ಎಂಬುದು ಒಂದು. ಕಾಲ ಬದಲಾಗಿದೆ, ಪ್ರೀತಿಯೇ ಧರ್ಮ, ಹಿರಿಯರು ಸಡಿಲಿಸಬೇಕು ಎಂಬುದು ಇನ್ನೊಂದು. ಶ್ರಾವಕಾಚಾರದ ಗ್ರಂಥಗಳನ್ನು ನಿಧಾನವಾಗಿ ಓದಿದರೆ ಈ ಎರಡು ಉತ್ತರಗಳೂ ಸಾಲವೆಂದು ತೋರುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳನ್ನು ವಿವರಿಸುವಾಗ ಅನರ್ಥದಂಡ ವಿರತಿಯನ್ನು ಹೇಳುತ್ತಾರೆ. ಪ್ರಯೋಜನವಿಲ್ಲದ ಪಾಪಕ್ರಿಯೆಯೇ ಅನರ್ಥದಂಡ. ಅದರಲ್ಲಿ ಐದು ಬಗೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಈ ಪ್ರಮಾದಚರ್ಯೆಯ ವಿವರಣೆಯನ್ನು ಓದಿದವರಿಗೆ ಆಚಾರ್ಯರು ಇಂದಿನ ವಿಹಾರಕೂಟಗಳನ್ನೇ ಕಂಡು ಬರೆದರೇನೋ ಎನಿಸೀತು. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಮರಗಳನ್ನು ಕಡಿಯುವುದು, ಗುರಿಯಿಲ್ಲದೆ ತಿರುಗುವುದು, ಇತರರನ್ನು ತಿರುಗಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಬೆಂಕಿಯನ್ನು ಅವರು ಸರ್ವಥಾ ನಿಷೇಧಿಸಲಿಲ್ಲ. ಗೃಹಸ್ಥನಿಗೆ ಒಲೆ ಬೇಕು, ಚಳಿಗೆ ಕೆಂಡ ಬೇಕು. ಅವರ ಪ್ರಶ್ನೆ ಪ್ರಯೋಜನವನ್ನು ಕುರಿತದ್ದು. ಈ ಮಾನದಂಡದಿಂದ ನೋಡಿದರೆ ಅಜ್ಜನ ಆಕ್ಷೇಪಣೆ ಕೇವಲ ಮುದಿತನದ ಹಟವಲ್ಲ. ಅದಕ್ಕೆ ಗಟ್ಟಿಯಾದ ಆಧಾರವಿದೆ.

ಆದರೆ ಅಷ್ಟಕ್ಕೇ ಅಜ್ಜ ಗೆದ್ದಂತಾಗಲಿಲ್ಲ. ಉಮಾಸ್ವಾಮಿಗಳು ತತ್ವಾರ್ಥಸೂತ್ರದಲ್ಲಿ ಕರ್ಮಾಸ್ರವಕ್ಕೆ ಆಧಾರವಾಗುವ ಜೀವಭಾವಗಳನ್ನು ಎಣಿಸಿದ್ದಾರೆ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು. ಸ್ವತಃ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಹಿರಿಯರು ಕೊಡುವ ವಿವರಣೆಯೂ ಇದೇ. ಅಜ್ಜ ಬೆಂಕಿ ಹೊತ್ತಿಸಲಿಲ್ಲ, ಹೊತ್ತಿಸಲು ಹೇಳಲಿಲ್ಲ, ಅನುಮೋದಿಸಲೂ ಇಲ್ಲ. ಅಲ್ಲಿಗೆ ಅವರು ಪಾರಾದರು. ಆದರೆ ಡೇರೆಯೊಳಗೆ ಕಣ್ಣು ಮುಚ್ಚಿ ಕುಳಿತ ಅವರ ಮನಸ್ಸಿನಲ್ಲಿ ಅಳಿಯನ ಮೇಲೆ ಕ್ರೋಧವೂ, ತನ್ನ ಮಾತು ನಡೆಯಲಿಲ್ಲವೆಂಬ ಮಾನವೂ ಉರಿಯುತ್ತಿದ್ದರೆ, ಆ 108ರಲ್ಲಿ ಎಷ್ಟು ಮಣಿಗಳು ಅವರ ಕೈಯಲ್ಲಿ ಉಳಿದವು? ಮನಸ್ಸು ದುಷ್ಟವಾಗಿ ಹರಿಯುವುದು ಸಾಮಾಯಿಕದ ಅತಿಚಾರವೆಂದೂ ಅದೇ ಗ್ರಂಥ ಹೇಳುತ್ತದೆ. ಹೊರಗಿನ ಬೆಂಕಿಯಿಂದ ದೂರ ಹೋದವನು ಒಳಗಿನ ಬೆಂಕಿಯ ಬಳಿ ಕುಳಿತಿರಬಹುದು.

ಆ ರಾತ್ರಿ ಬೆಂಕಿಯ ಬಳಿ ಇನ್ನೊಂದು ಘಟನೆ ನಡೆಯಿತು. ಮಕ್ಕಳು ತೋಟದಂಚಿನಿಂದ ಒಂದು ಒಣಮರದ ತುಂಡನ್ನು ಎಳೆತಂದು ಬೆಂಕಿಗೆ ಇಟ್ಟಿದ್ದರು. ಒಂದು ತುದಿ ಹತ್ತಿ ಉರಿಯತೊಡಗಿದಾಗ ಇನ್ನೊಂದು ತುದಿಯ ಪೊಟರೆಯಿಂದ ಇರುವೆಗಳು ಸಾಲುಸಾಲಾಗಿ ಹೊರಬಂದವು. ಕೆಲವು ಬಿಳಿಯ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡಿದ್ದವು. ಓಡಲು ದಾರಿ ತಿಳಿಯದೆ ಮತ್ತೆ ಬಿಸಿಯ ಕಡೆಗೇ ಹೋದವು. ಎಂಟು ವರ್ಷದ ಮೊಮ್ಮಗ ಅದನ್ನು ಕಂಡ. ಯಾರಿಗೂ ಹೇಳದೆ ತುಂಡನ್ನು ಎಳೆಯಲು ಕೈ ಹಾಕಿ ಬೆರಳು ಸುಟ್ಟುಕೊಂಡ. ಅವನ ಕೂಗಿಗೆ ಎಲ್ಲರೂ ಎದ್ದರು. ಅಜ್ಜಿ ತಣ್ಣೀರಿನಲ್ಲಿ ಅವನ ಕೈ ಹಿಡಿದು ಕುಳಿತರು. ನೋವಿಗಿಂತ ಹೆಚ್ಚಾಗಿ ಅವನು ಅತ್ತದ್ದು, "ಅಜ್ಜೀ, ಅವು ಮನೆಯೊಳಗಿದ್ದವು," ಎಂದು.

ನಲವತ್ತು ವರ್ಷದ ವ್ರತ ಹೇಳಲಾರದುದನ್ನು ಆ ಮರದ ತುಂಡು ಹೇಳಿತು. ಹಿಂಸೆಯೆಂದರೆ ಪ್ರಮಾದದಿಂದ ಪ್ರಾಣಗಳಿಗಾಗುವ ಘಾತ ಎಂಬ ಲಕ್ಷಣವನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಬಹುದು. ಮಗು ಅದನ್ನು ಒಪ್ಪಿಸಲೂಬಹುದು. ಆದರೆ ಪ್ರಮಾದವೆಂಬುದು ನೋಡದೆ ಇರುವುದು, ಅಪ್ರಮಾದವೆಂಬುದು ನೋಡುವುದು ಎಂದು ಆ ಹುಡುಗ ಒಂದು ಕ್ಷಣದಲ್ಲಿ ಕಲಿತ. ಆಜ್ಞೆಯು ಕೈಯನ್ನು ತಡೆಯಬಲ್ಲದು, ಕರುಣೆಯನ್ನು ಹುಟ್ಟಿಸಲಾರದು. ಹಾಗೆಂದು ಇರುವೆಗಳನ್ನು ಸುಟ್ಟೇ ಮಕ್ಕಳು ಕಲಿಯಲಿ ಎನ್ನುವಂತಿಲ್ಲ. ಹಗಲಿನಲ್ಲಿ ಒಬ್ಬ ಹಿರಿಯನು ಮೊಮ್ಮಕ್ಕಳನ್ನು ತೋಟದಂಚಿಗೆ ಕರೆದೊಯ್ದು, ಅದೇ ತುಂಡಿನ ಪೊಟರೆಯನ್ನು ತೋರಿಸಿ, "ಇದರೊಳಗೆ ಯಾರಿದ್ದಾರೆ ನೋಡಿ," ಎಂದಿದ್ದರೆ ಸಾಕಾಗುತ್ತಿತ್ತು. ಅಜ್ಜ ಕೂಡದೆಂದರು, ಏಕೆಂದು ಹೇಳಲಿಲ್ಲ. ಹೇಳದೆ ಹೋದ ಕಾರಣವೇ ಆ ರಾತ್ರಿಯ ದೋಷಗಳಲ್ಲಿ ಮೊದಲನೆಯದು.

ಮರುದಿನ ಬೆಳಿಗ್ಗೆ ಅಜ್ಜಿ ಹಳ್ಳದಿಂದ ನೀರು ತಂದು ಇಮ್ಮಡಿ ಮಡಿಚಿದ ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಹದಿನೈದು ವರ್ಷದ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡಿದಳು. ಸೋಸಿದ ಮೇಲೆ ಅಜ್ಜಿ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹನಿಸಿ, ಆ ನೀರನ್ನು ಹಳ್ಳಕ್ಕೆ ಹಿಂದಕ್ಕೆ ಬಿಟ್ಟರು. ಏಕೆಂದು ಕೇಳಿದಾಗ, "ಬಟ್ಟೆಯಲ್ಲಿ ಉಳಿದ ಜೀವಗಳು ಯಾವ ನೀರಿನಲ್ಲಿದ್ದವೋ ಅದೇ ನೀರಿಗೆ ಸೇರಬೇಕು ಮಗಳೇ. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ನೆಲಕ್ಕೆ ಚೆಲ್ಲಿದರೆ ಸೋಸಿದ್ದೇ ವ್ಯರ್ಥ," ಎಂದರು. ಸೋಸುವುದು ಕುಡಿಯುವವರ ಆರೋಗ್ಯಕ್ಕೆಂದು ತಿಳಿದಿದ್ದ ಹುಡುಗಿಗೆ ಅದು ನೀರಿನಲ್ಲಿರುವವರ ಸಲುವಾಗಿಯೂ ಎಂದು ತಿಳಿದದ್ದು ಆಗ. ವ್ರತಕ್ಕೆ ಒಂದು ಕಾರಣವಿದೆ ಎಂದು ಕಂಡವರಿಗೆ ವ್ರತದ ಮೇಲೆ ಗೌರವ ಹುಟ್ಟುತ್ತದೆ. ಕಾರಣ ಕಂಡವರು ಪ್ರಶ್ನಿಸುವುದನ್ನೂ ಕಲಿಯುತ್ತಾರೆ.

ಆ ಹೊತ್ತಿಗೆ ಹಿರಿಯ ಮಗನಿಗೆ ಒಂದು ಯೋಚನೆ ಬಂದಿತ್ತು. ತ್ಯಾಗವು ಎರಡು ಬಗೆಯೆಂದು ಸಮಂತಭದ್ರರು ಹೇಳಿದ್ದಾರೆ: ಕಾಲಮಿತಿ ಉಳ್ಳದ್ದು ನಿಯಮ, ಜೀವಾವಧಿಯದ್ದು ಯಮ. ದೇಶಾವಕಾಶಿಕ ವ್ರತದಲ್ಲಿಯೂ ಮನೆ, ಊರು, ಹೊಲ, ನದಿ, ಕಾಡುಗಳನ್ನು ಎಲ್ಲೆಯಾಗಿ ಇಟ್ಟುಕೊಂಡು, ಇಷ್ಟು ಕಾಲ ಇದರಿಂದಾಚೆಗೆ ಹೋಗುವುದಿಲ್ಲವೆಂದು ಗೊತ್ತುಪಡಿಸಿಕೊಳ್ಳುವ ಅವಕಾಶವಿದೆ. ಎಳೆಯರಿಗೆ ಬಾಳಿನ ಉದ್ದಕ್ಕೂ ಎಂಬ ಮಾತು ಭಾರ. ಎರಡು ದಿನ ಎಂಬ ಮಾತು ಆಟದಷ್ಟೇ ಹಗುರ. ಇಲ್ಲಿ ಎಲ್ಲೆಯೂ ಕಣ್ಣಿಗೆ ಕಾಣುವಂತಿದೆ: ಈಚೆಗೆ ತೋಟ, ಆಚೆಗೆ ಹಳ್ಳ. ಆತ ಒಂದು ನೋಟುಪುಸ್ತಕವನ್ನು ನಡುವೆ ಇಟ್ಟು, ಉಳಿದ ಎರಡು ದಿನಕ್ಕೆ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ನಿಯಮವನ್ನು ತಾವೇ ಬರೆಯಲಿ, ಯಾರೂ ಯಾರಿಗೂ ಹೇಳಿಕೊಡುವುದು ಬೇಡ ಎಂದ. ಬೆರಳಿಗೆ ಪಟ್ಟಿ ಕಟ್ಟಿಕೊಂಡ ಹುಡುಗ ಬೆಂಕಿ ಬೇಡವೆಂದು ಬರೆದ. ಒಬ್ಬಳು ಹೊತ್ತು ಮುಳುಗುವ ಮೊದಲು ಊಟವೆಂದಳು. ಒಬ್ಬ ಫೋನನ್ನು ಬದಿಗಿಟ್ಟ. ಅಳಿಯ ಕೊಂಚ ಹೊತ್ತು ಯೋಚಿಸಿ, ಆಲೂಗಡ್ಡೆ ಬಿಟ್ಟೆನೆಂದು ಬರೆದಾಗ ಎಲ್ಲರೂ ನಕ್ಕರು; ಅಜ್ಜನೂ ನಕ್ಕರು.

ಹದಿನೈದರ ಮೊಮ್ಮಗಳು ಮಾತ್ರ ಪುಸ್ತಕವನ್ನು ಮುಟ್ಟಲಿಲ್ಲ. "ಅಜ್ಜಾ, ಒಂದು ಕೇಳಲೇ?" ಎಂದಳು. "ಅಡಿಕೆ ಬೇಯಿಸಲು ಮನೆಯಲ್ಲಿ ದಿನವಿಡೀ ಒಲೆ ಉರಿಯುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತೀರಿ. ಅಲ್ಲಿ ಸಾಯುವುದಿಲ್ಲವೇ?"

ಈ ಪ್ರಶ್ನೆಗೆ ಸಮಾಜದಲ್ಲಿ ಸಿದ್ಧವಾದ ಉತ್ತರವಿದೆ; ಅದು ಸುಳ್ಳೂ ಅಲ್ಲ. ಹಿಂಸೆಯು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆ. ಗೃಹಸ್ಥನು ಸಂಕಲ್ಪಪೂರ್ವಕವಾದ ತ್ರಸಜೀವಹಿಂಸೆಯನ್ನು ಪೂರ್ತಿಯಾಗಿ ಬಿಡುತ್ತಾನೆ. ಮನೆಗೆಲಸದ, ಜೀವನೋಪಾಯದ, ಆತ್ಮರಕ್ಷಣೆಯ ಹಿಂಸೆಯನ್ನು ಪೂರ್ತಿ ಬಿಡಲಾರದೆ ಆದಷ್ಟು ತಗ್ಗಿಸುತ್ತಾನೆ. ಅಜ್ಜ ಇದನ್ನೇ ಹೇಳಿದರು. ಬೋರ್ಡೋ ದ್ರಾವಣ ಹೊಡೆಯದಿದ್ದರೆ ತೋಟ ಉಳಿಯದು, ತೋಟ ಉಳಿಯದಿದ್ದರೆ ಮನೆ ಉಳಿಯದು. ಅದಕ್ಕೆ ಪ್ರಯೋಜನವಿದೆ, ಅದರ ಪಾಪದ ಅರಿವೂ ಇದೆ, ಎಂದರು. ಹುಡುಗಿ ತಲೆದೂಗಿದಳು. ಆಮೇಲೆ ಕೇಳಿದಳು: "ಹಾಗಾದರೆ ಚಿಕ್ಕಜ್ಜನ ಜೊತೆ ಮಾತು ಬಿಟ್ಟಿರುವುದಕ್ಕೆ ಏನು ಪ್ರಯೋಜನ ಅಜ್ಜಾ?"

ಹಳ್ಳದಾಚೆಯ ತೋಟ ಅಜ್ಜನ ಒಡಹುಟ್ಟಿದ ತಮ್ಮನದು. ತಂದೆ ತೀರಿಕೊಂಡ ಮೇಲೆ ಹಿಸ್ಸೆಯಾದಾಗ ಗಡಿಕಲ್ಲೊಂದರ ವಿಷಯದಲ್ಲಿ ವ್ಯಾಜ್ಯ ಎದ್ದಿತು. ಮೋಜಣಿ ಎರಡು ಬಾರಿ ನಡೆಯಿತು; ಪ್ರಕರಣ ನ್ಯಾಯಾಲಯದಲ್ಲಿದೆ. ಹದಿನೆಂಟು ವರ್ಷಗಳಿಂದ ಅಣ್ಣತಮ್ಮಂದಿರು ಮಾತಾಡಿಲ್ಲ. ಬಸದಿಗೆ ಒಬ್ಬರು ಬಂದು ಹೋದ ಮೇಲೆ ಇನ್ನೊಬ್ಬರು ಬರುತ್ತಾರೆ. ಪ್ರತಿವರ್ಷ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ಪೂಜೆ ಇಬ್ಬರ ಮನೆಯಲ್ಲೂ ನಡೆಯುತ್ತದೆ. ಪರ್ವದ ಕೊನೆಗೆ ಕ್ಷಮಾವಣಿಯಂದು ಇಬ್ಬರೂ ಊರಿಗೆಲ್ಲ ಕೈಮುಗಿಯುತ್ತಾರೆ, ಒಬ್ಬರನ್ನೊಬ್ಬರು ಬಿಟ್ಟು. ಈ ಕೂಟಕ್ಕೆ ಪುಣೆಯವರು ಬಂದರು, ಮುಂಬಯಿಯವರು ಬಂದರು. ಹಳ್ಳದಾಚೆಯವರಿಗೆ ಕರೆ ಹೋಗಲಿಲ್ಲ.

ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯ ಜೊತೆಗೇ ಅಪಧ್ಯಾನವೂ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ದ್ವೇಷದಿಂದ ಇನ್ನೊಬ್ಬರ ಬಂಧನವನ್ನು, ಹಾನಿಯನ್ನು, ನಾಶವನ್ನು ಚಿಂತಿಸುವುದು ಅಪಧ್ಯಾನ. ಬೆಂಕಿ ಹೊತ್ತಿಸುವುದನ್ನೂ ಕೇಡು ಬಯಸುವುದನ್ನೂ ಆಚಾರ್ಯರು ಒಂದೇ ವ್ರತದ ಕೆಳಗೆ ಇಟ್ಟರು. ಎರಡೂ ಸುಡುತ್ತವೆ, ಎರಡರಿಂದಲೂ ಪ್ರಯೋಜನವಿಲ್ಲ. ಮೊದಲನೆಯದು ಮುಂಜಾನೆಗೆ ಬೂದಿಯಾಗುತ್ತದೆ. ಎರಡನೆಯದಕ್ಕೆ ಸೌದೆ ಮುಗಿಯುವುದೇ ಇಲ್ಲ.

ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧದ ನಾಲ್ಕು ಮಟ್ಟಗಳನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ನೀರಿನ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೆಲದ ಬಿರುಕು, ಕಲ್ಲಿನ ಗೆರೆ. ಹಳ್ಳದ ದಡದಲ್ಲಿ ಬಿಡಾರ ಹೂಡಿದವರಿಗೆ ಈ ನಾಲ್ಕೂ ಕಣ್ಣೆದುರಿಗೇ ಇವೆ. ಮಗು ಕೋಲಿನಿಂದ ನೀರಿನ ಮೇಲೆ ಗೆರೆ ಎಳೆದರೆ ಎಳೆಯುತ್ತಿದ್ದಂತೆ ಅದು ಮಾಯ. ದಡದ ಧೂಳಿನಲ್ಲಿ ಎಳೆದದ್ದು ಗಾಳಿ ಬೀಸುವವರೆಗೆ. ಗದ್ದೆಯ ಬಿರುಕು ಮಳೆಗಾಲದವರೆಗೆ. ಬಂಡೆಯ ಸೀಳು ಯಾವ ಮಳೆಗೂ ಕೂಡದು. ಕಷಾಯಗಳ ವಾಸನೆ ಎಷ್ಟು ಕಾಲ ನಿಲ್ಲುತ್ತದೆಂಬ ಲೆಕ್ಕವೂ ಅದೇ ಗ್ರಂಥದ ಕರ್ಮಕಾಂಡದಲ್ಲಿದೆ. ಸಂಜ್ವಲನದ್ದು ಅಂತರ್ಮುಹೂರ್ತ, ಅಂದರೆ 48 ನಿಮಿಷದೊಳಗಿನ ಕಾಲ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಆರು ತಿಂಗಳನ್ನು ಮೀರಿ ಭವಭವಾಂತರಕ್ಕೂ ಬೆನ್ನುಹತ್ತುವಂಥದು ಅನಂತಾನುಬಂಧಿ. ಈ ಕೊನೆಯದು ಸಮ್ಯಕ್ತ್ವವನ್ನೇ ಘಾತಿಸುವಂಥದು. ಸಮ್ಯಕ್ತ್ವವಿಲ್ಲದ ವ್ರತ ಬೇರಿಲ್ಲದ ಗಿಡ.

ಒಬ್ಬರ ಅಂತರಂಗದ ಕಷಾಯ ಯಾವ ಜಾತಿಯದೆಂದು ಹೊರಗಿನವರು ನಿರ್ಣಯಿಸುವಂತಿಲ್ಲ. ಹಾಗೆ ನಿರ್ಣಯಿಸುವುದೂ ಒಂದು ಮಾನಕಷಾಯವೇ. ಆದರೆ ಪ್ರತಿಯೊಬ್ಬ ಶ್ರಾವಕನೂ ತನ್ನನ್ನು ತಾನು ಅಳೆದುಕೊಳ್ಳಲು ಆಚಾರ್ಯರು ಆ ಲೆಕ್ಕವನ್ನು ಕೊಟ್ಟಿದ್ದಾರೆ. ನಲವತ್ತು ವರ್ಷ ರಾತ್ರಿ ಉಣ್ಣದವನು ಹದಿನೆಂಟು ವರ್ಷ ದ್ವೇಷವನ್ನು ಉಂಡಿದ್ದರೆ, ಯಾವ ಉಪವಾಸದ ಫಲ ಯಾವುದರಲ್ಲಿ ಕಳೆದುಹೋಯಿತೆಂದು ಅವನೇ ಎಣಿಸಿಕೊಳ್ಳಬೇಕು. ಕಷಾಯಗಳು ಹುಟ್ಟದಿರುವುದೇ ಅಹಿಂಸೆ ಎಂಬುದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಸೂರಿಗಳು ಮಾಡಿದ ನಿರೂಪಣೆಯ ತಿರುಳು. ರಾತ್ರಿಭೋಜನ ತ್ಯಾಗವನ್ನು ಅಹಿಂಸೆಯ ಅಂಗವಾಗಿ ಸಮರ್ಥಿಸಿದವರೂ ಅವರೇ. ಎರಡನ್ನೂ ಹೇಳಿದವರ ಒಂದು ಮಾತನ್ನು ಮಾತ್ರ ಉಳಿಸಿಕೊಳ್ಳುವುದು ಸಲ್ಲದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಗಡಿಕಲ್ಲಿನ ವಿಷಯದಲ್ಲಿ ಅಜ್ಜನದೇ ನ್ಯಾಯವಾಗಿದ್ದರೆ? ಕ್ಷಮೆಯ ಹೆಸರಿನಲ್ಲಿ ನ್ಯಾಯವನ್ನು ಬಿಟ್ಟುಕೊಡಬೇಕೆ? ಧರ್ಮ ಹಾಗೆ ಕೇಳುವುದಿಲ್ಲ. ಗೃಹಸ್ಥನಿಗೆ ತನ್ನ ಸ್ವತ್ತನ್ನು ರಕ್ಷಿಸಿಕೊಳ್ಳುವ ಅಧಿಕಾರವಿದೆ. ವಿರೋಧಿ ಹಿಂಸೆಯನ್ನು ಬೇರೆಯಾಗಿ ಹೇಳಿರುವುದು ಅದಕ್ಕಾಗಿಯೇ. ಗೆರೆ ಎಲ್ಲಿ ಹಾದುಹೋಗುತ್ತದೆಂದು ಮೋಜಣಿದಾರರು ಅಳೆಯಲಿ, ನ್ಯಾಯಾಲಯ ತೀರ್ಮಾನಿಸಲಿ. ಆ ಗೆರೆಯನ್ನು ಎದೆಯ ಮೇಲೂ ಕೊರೆದುಕೊಳ್ಳಬೇಕಾಗಿಲ್ಲ. ವ್ಯಾಜ್ಯ ನಡೆಯುತ್ತಿರುವಾಗಲೂ ತಮ್ಮನು ತಮ್ಮನೇ.

ಇನ್ನೊಂದು ಆಕ್ಷೇಪಣೆ ಹಿರಿಯರದು. ಮೊಮ್ಮಕ್ಕಳ ಮುಂದೆ ಅಜ್ಜನೇ ತಪ್ಪೊಪ್ಪಿಕೊಂಡರೆ ಮನೆಯಲ್ಲಿ ಶಾಸನ ಉಳಿದೀತೇ ಎಂಬುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು: ಧರ್ಮದಿಂದ ಜಾರುತ್ತಿರುವವರನ್ನು ಮತ್ತೆ ಅದರಲ್ಲಿ ನಿಲ್ಲಿಸುವುದು. ಹಿರಿಯರು ಕಿರಿಯರಿಗೆ ಮಾತ್ರ ಅದನ್ನು ಮಾಡಬೇಕೆಂದು ಎಲ್ಲಿಯೂ ಹೇಳಿಲ್ಲ. ಬಾಹುಬಲಿಯ ಕಥೆ ಇದಕ್ಕೆ ಸಾಕ್ಷಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದವನು ರಾಜ್ಯ ಬಿಟ್ಟು ವರ್ಷವಿಡೀ ಅಚಲನಾಗಿ ನಿಂತ. ಬಳ್ಳಿಗಳು ಹಬ್ಬಿದವು, ಹುತ್ತಗಳು ಬೆಳೆದವು. ಆದರೂ ಅಣ್ಣನ ಕುರಿತಾದ ಒಂದು ಸಣ್ಣ ಶಲ್ಯ ಒಳಗೆ ಉಳಿದಿತ್ತು. ಚಕ್ರವರ್ತಿಯಾದ ಭರತನೇ ಬಂದು ತಮ್ಮನ ಪಾದಗಳನ್ನು ಪೂಜಿಸಿದಾಗ ಅದು ಕಳಚಿತು, ಕೇವಲಜ್ಞಾನ ಉದಿಸಿತು. ನಡೆದು ಬಂದವನು ಹಿರಿಯ. ಅದರಿಂದ ಅವನ ಹಿರಿತನಕ್ಕೆ ಕುಂದಾಗಲಿಲ್ಲ.

ಅಜ್ಜ ಮೊಮ್ಮಗಳ ಪ್ರಶ್ನೆಗೆ ಕೂಡಲೇ ಉತ್ತರಿಸಲಿಲ್ಲ. "ನಿನ್ನ ನಿಯಮ ಬರೆಯಲಿಲ್ಲವಲ್ಲ," ಎಂದರು. "ನೀವು ಒಂದು ಬರೆದರೆ ನಾನೂ ಬರೆಯುತ್ತೇನೆ ಅಜ್ಜಾ. ನಿಮಗೆ ಅಭ್ಯಾಸವಾದದ್ದನ್ನಲ್ಲ," ಎಂದಳು ಅವಳು. ಸೊಸೆ ಮಗಳನ್ನು ಗದರಿಸಲು ಹೋದಾಗ ಅಜ್ಜ ಕೈಯಿಂದ ತಡೆದರು.

ಅವಳ ಮಾತು ಉದ್ಧಟತನವಾಗಿ ತೋರಬಹುದು. ವಿಚಾರಿಸಿದರೆ ಅದರಲ್ಲಿ ತಿರುಳಿದೆ. ದೀರ್ಘಕಾಲ ಪಾಲಿಸಿದ ವ್ರತವು ಮೈಗೂಡಿದ ಮೇಲೆ ಸುಲಭವಾಗುತ್ತದೆ. ಸುಲಭವಾದದ್ದೇ ಅದರ ಸಾರ್ಥಕ್ಯ. ಆದರೆ ಅಲ್ಲೊಂದು ಅಪಾಯವೂ ಇದೆ. ಸುಲಭವಾದುದರಲ್ಲಿ ಮಾತ್ರ ನಿಷ್ಠುರನಾಗಿ, ಕಠಿಣವಾದುದನ್ನು ಮುಟ್ಟದೆ ಉಳಿಯುವ ಸಂಭವ ವ್ರತಿಗೇ ಹೆಚ್ಚು. ಅಂಥವನ ವ್ರತವು ಇತರರನ್ನು ಅಳೆಯುವ ಕೋಲಾಗುತ್ತದೆ. ಎಳೆಯರು ಕೋಲನ್ನು ಕಂಡು ದೂರ ಸರಿಯುತ್ತಾರೆ. ಹಿರಿಯನೂ ತನಗೆ ಕಷ್ಟವಾದ ಒಂದರಲ್ಲಿ ಒದ್ದಾಡುತ್ತಿರುವುದನ್ನು ಕಂಡರೆ ಅವರು ಹತ್ತಿರ ಬರುತ್ತಾರೆ.

ಅಂದು ನಾಲ್ಕು ಗಂಟೆಯ ಹೊತ್ತಿಗೆ ಅಜ್ಜ ಹಳ್ಳದ ಕಾಲುಸಂಕ ದಾಟಿದರು. ಜೊತೆಗೆ ಯಾರೂ ಬೇಡವೆಂದರು. ಆದರೂ ಬೆರಳು ಸುಟ್ಟುಕೊಂಡ ಮೊಮ್ಮಗ ಹಿಂದೆಯೇ ಹೋದ. ತಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುವವರ ನಡುವೆ ಕುಳಿತಿದ್ದರು. ಎದ್ದು ನಿಂತರು. ಅಜ್ಜ ಕೈಮುಗಿದು, "ಹದಿನೆಂಟು ಕ್ಷಮಾವಣಿ ಬಾಕಿ ಉಳಿದಿದೆ," ಎಂದಷ್ಟೇ ಹೇಳಿದರು. ಗಡಿಕಲ್ಲಿನ ಮಾತು ಬರಲಿಲ್ಲ. ತಮ್ಮ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಹುಡುಗನ ಪಟ್ಟಿ ಕಟ್ಟಿದ ಬೆರಳನ್ನು ನೋಡಿ ಏನಾಯಿತೆಂದು ಕೇಳಿದರು. ಹುಡುಗ ಇರುವೆಗಳ ಕಥೆಯನ್ನು ಹೇಳಿದ. ಹೀಗೆ ಹೊತ್ತು ಇಳಿಯಿತು. ಆಗ ತಮ್ಮ ಬಾಗಿಲ ಕಡೆಗೆ ತಿರುಗಿ ಹೆಂಡತಿಗೆ ಹೇಳಿದರು: "ಎಲೆ ಹಾಕು. ಹೊತ್ತು ಮುಳುಗಿದರೆ ಅಣ್ಣ ಉಣ್ಣುವುದಿಲ್ಲ."

ಮಕ್ಕಳನ್ನು ದೂರ ಮಾಡಿದಂತೆ ಕಂಡ ಅದೇ ವ್ರತ ಇಲ್ಲಿ ತಮ್ಮನ ನೆನಪಿನಲ್ಲಿ ಹದಿನೆಂಟು ವರ್ಷ ಕೆಡದೆ ಉಳಿದಿತ್ತು. ದೋಷ ವ್ರತದಲ್ಲಿರಲಿಲ್ಲ, ಅದನ್ನು ಹಿಡಿದ ರೀತಿಯಲ್ಲಿತ್ತು. ಕಾರಣ ಹೇಳದೆ, ತನ್ನ ಕೊರತೆಯನ್ನು ಕಾಣದೆ ಹಿಡಿದರೆ ವ್ರತವು ಮನೆಯೊಳಗೊಂದು ಗಡಿಕಲ್ಲಾಗುತ್ತದೆ. ಕಾರಣವನ್ನು ತೋರಿಸಿ, ತನ್ನನ್ನೂ ಅದರ ಕೆಳಗೆ ಇಟ್ಟುಕೊಂಡು ಹಿಡಿದರೆ ಅದೇ ವ್ರತ ಸಂಕವಾಗುತ್ತದೆ.

ಆದ್ದರಿಂದ ಮೂರು ತಲೆಮಾರು ಸೇರುವ ಕುಟುಂಬಗಳು ಹೊರಡುವ ಮೊದಲು ಕೆಲವು ಸಂಗತಿಗಳನ್ನು ಯೋಚಿಸುವುದು ಒಳ್ಳೆಯದು. ಡಿಸೆಂಬರಿನಲ್ಲಿ ಹೊತ್ತು ಆರು ಗಂಟೆಯ ಸುಮಾರಿಗೆ ಮುಳುಗುತ್ತದೆ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಯುವಂತೆ ದಿನವನ್ನು ಜೋಡಿಸಿದರೆ ವ್ರತಿಗಳು ಒಂಟಿಯಾಗುವುದಿಲ್ಲ, ಮಕ್ಕಳು ಹಸಿಯುವುದಿಲ್ಲ. ರಾತ್ರಿಯನ್ನು ತಿನ್ನುವುದಕ್ಕಿಂತ ಕೇಳುವುದಕ್ಕೆ, ಹಿರಿಯರ ಬಾಯಿಂದ ಊರಿನ, ಮನೆತನದ, ಪುರಾಣದ ಕಥೆಗಳಿಗೆ ಇಡಬಹುದು. ಎಲ್ಲರೂ ತಮ್ಮ ತಮ್ಮ ನಿಯಮವನ್ನು ತಾವೇ ಆರಿಸಿಕೊಳ್ಳಲಿ. ಹಿರಿಯರು ತಮಗೆ ಕಠಿಣವಾದುದನ್ನೇ ಆರಿಸಿಕೊಳ್ಳಲಿ. ಬಸದಿಗಳ ಆಡಳಿತ ಮಂಡಳಿಗಳೂ ಇದರಲ್ಲಿ ನೆರವಾಗಬಹುದು. ಮಕ್ಕಳಿಗೆಂದೇ ಬೇಸಿಗೆ ಶಿಬಿರಗಳನ್ನು ನಡೆಸುವಂತೆ ಅಜ್ಜ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ತಂಗುವ ಶಿಬಿರಗಳನ್ನೂ ನಡೆಸಬಹುದು; ಅಲ್ಲಿ ಪಾಠ ಹೇಳುವವರು ಬೇರೆ ಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕರೆಯೋಲೆಯ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಒಮ್ಮೆ ನೋಡಬೇಕು.

ಮೂರನೆಯ ದಿನ ಮುಂಜಾನೆ ಡೇರೆಗಳನ್ನು ಬಿಚ್ಚಿದರು. ಮಕ್ಕಳು ಗೂಟ ಕಿತ್ತ ಕುಳಿಗಳಿಗೆ ಮಣ್ಣು ತುಂಬಿದರು. ಬೆಂಕಿ ಹಾಕಿದ್ದ ಜಾಗದಲ್ಲಿ ಉಳಿದ ಮರದ ತುಂಡನ್ನು ಎಂಟು ವರ್ಷದ ಹುಡುಗನೂ ಅಜ್ಜನೂ ಕೂಡಿ ಎತ್ತಿ, ತೋಟದಂಚಿನಲ್ಲಿ ಅದು ಮೊದಲಿದ್ದಲ್ಲಿಯೇ ಇಟ್ಟು ಬಂದರು. ನೋಟುಪುಸ್ತಕದ ಕೊನೆಯ ಪುಟದಲ್ಲಿ ಹದಿನೈದರ ಹುಡುಗಿಯ ಕೈಬರಹದಲ್ಲಿ ಒಂದು ಸಾಲಿತ್ತು: ಮುಂದಿನ ವರ್ಷ ಆರು ಡೇರೆ.